ಹಳೆ ಕಾರಿಗೆ ಬಿಚ್ಚಿ ತೆಗೆಯುವಂಥ ಕಾರ್ಪೆಟ್: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಹತ್ತಿರ ಇರುವುದು 1975ರ ಪ್ರೀಮಿಯರ್ ಪದ್ಮಿನಿ. ಮನೆಯಲ್ಲಿ ಎಲ್ಲರೂ ಅದನ್ನು ಫಿಯಟ್ ಅಂತಲೇ ಕರೆಯುತ್ತೇವೆ. ಅಪ್ಪ ಮಂಗಳೂರಿನಲ್ಲಿ ಓಡಿಸಿದ ಗಾಡಿ, ಈಗ ಬೆಂಗಳೂರಿನಲ್ಲಿದೆ. ಅದರ ಒಳಗೆ ನಾನೇ ಕೂತು ಕಾರ್ಪೆಟ್ ಮಾಡಿಸಿದ ಮೇಲೆ ಹಳೆ ಗಾಡಿ ಇಟ್ಟುಕೊಂಡ ಗೆಳೆಯರು ಕೇಳುತ್ತಲೇ ಇರುತ್ತಾರೆ. ಹೆಚ್ಚಾಗಿ ಅವವೇ ಪ್ರಶ್ನೆಗಳು. ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ಬಿಚ್ಚುವ ಕಾರ್ಪೆಟ್ ಅಂದರೆ ಏನು? ಅಂಗಡಿಯಲ್ಲಿ ಸಿಗುವ ಮ್ಯಾಟ್ ಸಾಲದಾ?

ಅಂಗಡಿಯ ಮ್ಯಾಟ್ ಕಾಲಿಡುವ ಜಾಗವನ್ನಷ್ಟೇ ಮುಚ್ಚುತ್ತದೆ. ನಡುವಿನ ಗೇರ್‌ಬಾಕ್ಸ್ ಉಬ್ಬು, ಪಕ್ಕದ ಅಂಚು, ಸೀಟಿನ ಅಡಿ ಎಲ್ಲ ಬರಿ ತಗಡಾಗಿಯೇ ಉಳಿಯುತ್ತದೆ. ನಾನು ಹೇಳುತ್ತಿರುವುದು ಇಡೀ ನೆಲವನ್ನು ಮುಚ್ಚುವ ಕಾರ್ಪೆಟ್. ಆದರೆ ಅದು ಐದಾರು ತುಂಡುಗಳಲ್ಲಿ ಇರುತ್ತದೆ, ಪ್ರತಿ ತುಂಡಿನ ಅಂಚು ಕಟ್ಟಿ ಹೊಲಿದಿರುತ್ತದೆ, ಬಟನ್ ಬಿಚ್ಚಿದರೆ ಕೈಗೆ ಬರುತ್ತದೆ. ಸ್ಪ್ಯಾನರ್ ಹಿಡಿಯದೆ ಹತ್ತು ನಿಮಿಷದಲ್ಲಿ ನೆಲದ ತಗಡು ಕಣ್ಣಿಗೆ ಕಾಣಬೇಕು. ನನ್ನ ಅಳತೆಗೋಲು ಇಷ್ಟೇ.

ಅಂಟು ಹಾಕಿ ಕೂರಿಸಿದರೆ ನೀಟಾಗಿ ಕಾಣುತ್ತದೆ. ಅದರಲ್ಲಿ ಏನು ತೊಂದರೆ?

ನೀಟಾಗಿ ಕಾಣುವುದು ನಿಜ. ನಾನೂ ಮೊದಲು ಹಾಗೇ ಮಾಡಿಸಿದ್ದೆ. ಒಂದು ಅಂಗಡಿಯಲ್ಲಿ ಗಾಡಿ ಬಿಟ್ಟೆ, ಸಂಜೆಗೆ ರೆಡಿ. ನೆಲಕ್ಕೆಲ್ಲ ರಬ್ಬರ್ ಅಂಟು ಬಳಿದು, ಮೇಲೆ ಫೋಮ್ ಇರುವ ಕಾರ್ಪೆಟ್ ಒತ್ತಿ ಕೂರಿಸಿದ್ದರು. ಒಂದು ಸುಕ್ಕಿಲ್ಲ. ನನಗೆ ತುಂಬಾ ಖುಷಿಯಾಗಿತ್ತು.

ಆ ವರ್ಷ ಮಳೆಗಾಲದಲ್ಲಿ ಊರಿಗೆ ಹೋಗಿ ಎರಡು ವಾರ ಇದ್ದೆ. ವಾಪಸ್ ಬಂದ ಮೇಲೆ ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಕೈಯಿಟ್ಟು ನೋಡಿದರೆ ಮೇಲೆ ಒಣಗಿಯೇ ಇತ್ತು. ಏನೋ ಬಟ್ಟೆ ವಾಸನೆ ಅಂದುಕೊಂಡು ಸುಮ್ಮನಾದೆ. ಮುಂದಿನ ಮಳೆಗಾಲಕ್ಕೆ ಮುಂಚೆ ಎಡಗಡೆ ಮುಂದಿನ ಸೀಟಿನ ಕಾಲಿನ ಹತ್ತಿರ ಒತ್ತಿದಾಗ ಕರುಂ ಅಂತ ಸದ್ದು ಬಂತು. ಪುಟ್ಟಿ ಕೆರೆಯುವ ಪಟ್ಟಿ ತಗೊಂಡು ಅಂಟು ಎಬ್ಬಿಸತೊಡಗಿದೆ. ಕಾರ್ಪೆಟ್ ಚೂರುಚೂರಾಗಿ ಬಂತು, ಫೋಮ್ ನೆಲಕ್ಕೇ ಅಂಟಿಕೊಂಡು ಉಳಿಯಿತು. ಒದ್ದೆ ಸ್ಪಂಜಿನ ಹಾಗೆ ನೀರು ಹಿಡಿದಿಟ್ಟುಕೊಂಡಿತ್ತು. ಫೋಮ್ ಕೆರೆದರೆ ಅಡಿಯಲ್ಲಿ ಕಂದು ಬಣ್ಣದ ಹಪ್ಪಳದಂಥ ಪದರ. ಸ್ಕ್ರೂಡ್ರೈವರ್ ತುದಿ ಇಟ್ಟು ಸ್ವಲ್ಪ ಒತ್ತಿದೆ. ಸೀದಾ ಒಳಗೆ ಹೋಯಿತು. ಬಗ್ಗಿ ನೋಡಿದರೆ ಆ ತೂತಿನಲ್ಲಿ ನಮ್ಮ ಶೆಡ್ಡಿನ ಸಿಮೆಂಟ್ ನೆಲ ಕಾಣುತ್ತಿತ್ತು.

ಟಿಂಕರ್ ಬಂದು ಕೊಳೆತ ತಗಡು ಕತ್ತರಿಸಿ, ಹೊಸ ತಗಡು ವೆಲ್ಡ್ ಮಾಡಿ ಕೊಟ್ಟರು. 40 ವರ್ಷ ಮಂಗಳೂರಿನ ಮಳೆ ತಡೆದುಕೊಂಡಿದ್ದ ನೆಲ. ಆಗ ಅದರ ಮೇಲೆ ಬರೀ ರಬ್ಬರ್ ಮ್ಯಾಟ್ ಇತ್ತು. ಅಪ್ಪ ಭಾನುವಾರ ಎತ್ತಿ ಕಾಂಪೌಂಡ್ ಗೋಡೆಯ ಮೇಲೆ ಹಾಕುತ್ತಿದ್ದರು, ನೆಲ ಒಣಗುತ್ತಿತ್ತು. ನಾನು ಅಂಟು ಹಾಕಿಸಿ ಆ ದಾರಿ ಮುಚ್ಚಿಬಿಟ್ಟಿದ್ದೆ.

ಹಳೆ ಕಾರಿಗೆ ನೀರು ಬಂದೇ ಬರುತ್ತದೆ. ಗಾಜಿನ ಸುತ್ತಲಿನ ರಬ್ಬರ್ ಪಟ್ಟಿ, ಅಂದರೆ ಬೀಡಿಂಗ್, ಗಟ್ಟಿಯಾಗಿರುತ್ತದೆ, ಬಾಗಿಲ ರಬ್ಬರ್ ಸವೆದಿರುತ್ತದೆ, ನಮ್ಮ ಒದ್ದೆ ಚಪ್ಪಲಿಯೂ ಇರುತ್ತದಲ್ವಾ? ಬಂದ ನೀರು ಹೋಗುವುದಕ್ಕೆ ದಾರಿ ಬೇಕು. ಕಾರ್ಪೆಟ್ ಬಿಚ್ಚುವಂತಿದ್ದರೆ ಆ ದಾರಿ ನಮ್ಮ ಕೈಯಲ್ಲೇ ಇರುತ್ತದೆ.

ಈ ಗಾಡಿಗಳಿಗೆ ಕಂಪನಿಯಿಂದ ಕಾರ್ಪೆಟ್ ಬರುತ್ತಿತ್ತಾ? ಹಾಕಿದರೆ ಒರಿಜಿನಲ್ ಹಾಳಾಗಲ್ವಾ?

ನಮ್ಮ ಕಡೆ ಕಾಣುವ ಫಿಯಟ್, ಅಂಬಾಸಿಡರ್‌ಗಳಲ್ಲಿ ಹೆಚ್ಚಿನವು ರಬ್ಬರ್ ಮ್ಯಾಟ್ ಗಾಡಿಗಳೇ. ನಮ್ಮ ರಸ್ತೆ, ನಮ್ಮ ಕೆಸರಿಗೆ ಅದು ಸರಿಯಾಗಿಯೇ ಇತ್ತು. ಪ್ರೀಮಿಯರ್ ಕಂಪನಿ ಮುಂಬೈನ ಕುರ್ಲಾದಲ್ಲಿ 1964ರಿಂದ ಫಿಯಟ್ 1100 ಡಿ ಮಾಡುತ್ತಿತ್ತು, 1974ರಿಂದ ಅದೇ ಗಾಡಿಗೆ ಪದ್ಮಿನಿ ಅಂತ ಹೆಸರಾಯಿತು. ಇದು ಕೆಲಸದ ಗಾಡಿ, ಮನೆಮಂದಿಯ ಗಾಡಿ. ಒಳಗೆ ಸೀದಾಸಾದಾ.

ಹಾಗಿದ್ದರೂ ಕಾರ್ಪೆಟ್ ಹಾಕುವುದು ತಪ್ಪಲ್ಲ. ಸದ್ದು ಕಡಿಮೆಯಾಗುತ್ತದೆ, ಕಾಲಿಗೆ ಗೇರ್‌ಬಾಕ್ಸ್ ಬಿಸಿ ತಾಗುವುದಿಲ್ಲ. ಬಿಚ್ಚುವ ಕಾರ್ಪೆಟ್ಟಿನ ಒಳ್ಳೆಯ ಗುಣವೇ ಇದು: ಯಾವತ್ತು ಬೇಕಾದರೂ ತೆಗೆದು ಗಾಡಿಯನ್ನು ಮೊದಲಿದ್ದ ಹಾಗೆ ಮಾಡಬಹುದು. ಅಂಟಿನ ಕಲೆ ಇಲ್ಲ, ಆದಷ್ಟು ಹೊಸ ತೂತೂ ಇಲ್ಲ. ಶೋಗೆ ಹೋಗುವ ದಿನ ರಬ್ಬರ್ ಮ್ಯಾಟ್, ಊರಿಗೆ ಹೋಗುವ ದಿನ ಕಾರ್ಪೆಟ್.

ವಿಂಟೇಜ್ ರಿಜಿಸ್ಟ್ರೇಷನ್‌ಗೆ ತೊಂದರೆ ಆಗುತ್ತದಾ?

2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗಳು ವಿಂಟೇಜ್. ನಂಬರಿನಲ್ಲಿ 'ವಿಎ' ಅನ್ನುವ ಅಕ್ಷರ ಬರುತ್ತದೆ. ಹೊಸ ರಿಜಿಸ್ಟ್ರೇಷನ್‌ಗೆ 20,000 ರೂಪಾಯಿ, ಆಮೇಲಿನ ನವೀಕರಣಕ್ಕೆ 5,000 ರೂಪಾಯಿ ಶುಲ್ಕ ಇಟ್ಟಿದ್ದಾರೆ. ಅಲ್ಲಿ ನೋಡುವುದು ಚಾಸಿ, ಬಾಡಿ, ಎಂಜಿನ್ ಬದಲಾಗಿದೆಯಾ ಅಂತ. ನೆಲದ ಮೇಲೆ ಹಾಸಿದ ಬಟ್ಟೆ ಆ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು ಮಾತು ನೆನಪಿರಲಿ. ಹೀಗೆ ರಿಜಿಸ್ಟರ್ ಆದ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ.

ಕೆಲಸ ಎಲ್ಲಿಂದ ಶುರು ಮಾಡಬೇಕು? ಬಟ್ಟೆ ತರುವುದರಿಂದಲಾ?

ಬೇಡ. ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ.

ಮ್ಯಾಟ್ ಎಲ್ಲ ತೆಗೆದು ನೆಲದ ತುಂಬಾ ಹಳೆ ನ್ಯೂಸ್‌ಪೇಪರ್ ಹಾಸಿ. ಗಾಜುಗಳನ್ನು ಏರಿಸಿ, ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಿ. ಇನ್ನೊಬ್ಬರು ಪೈಪಿನಲ್ಲಿ ನೀರು ಬಿಡಲಿ. ಜೋರಾಗಿ ಬೇಡ, ಮಳೆ ಬರುವ ಹಾಗೆ ಸಣ್ಣಗೆ ಸಾಕು. ಮೊದಲು ಬಾಗಿಲ ಕೆಳಭಾಗ, ಆಮೇಲೆ ಬಾಗಿಲ ಮೇಲ್ಭಾಗ, ಕೊನೆಗೆ ಮುಂದಿನ ಗಾಜು. ಒಂದೊಂದು ಕಡೆ ಐದು ನಿಮಿಷ. ಒಟ್ಟಿಗೆ ಎಲ್ಲ ಕಡೆ ನೀರು ಹೊಯ್ದರೆ ಯಾವುದು ಸೋರಿತು ಅಂತ ಗೊತ್ತಾಗುವುದಿಲ್ಲ. ಪೇಪರ್ ಮೇಲೆ ಮೊದಲ ಹನಿ ಬಿದ್ದ ಜಾಗ ಕಪ್ಪಾಗಿ ಎದ್ದು ಕಾಣುತ್ತದೆ, ಅಲ್ಲಿಂದ ಮೇಲಕ್ಕೆ ಟಾರ್ಚ್ ಹಾಕುತ್ತಾ ಹೋಗಿ.

ನನ್ನ ಗಾಡಿಯಲ್ಲಿ ಸೋರುತ್ತಿದ್ದದ್ದು ಮುಂದಿನ ಗಾಜಿನ ಎಡ ಕೆಳಮೂಲೆ. ನೀರು ಡ್ಯಾಶ್‌ಬೋರ್ಡ್ ಹಿಂದೆ ಇಳಿದು, ತಗಡಿನ ಮೇಲೆ ಹರಿದು, ಕಾಲಿಡುವ ಜಾಗದಲ್ಲಿ ನಿಲ್ಲುತ್ತಿತ್ತು. ಬೀಡಿಂಗ್ ಬದಲಾಯಿಸಿದೆ. ಈ ಕೆಲಸ ಮುಗಿಸದೆ ಕಾರ್ಪೆಟ್ ಹಾಕಿದರೆ ದುಡ್ಡು ನೀರಿಗೆ ಹಾಕಿದ ಹಾಗೆ.

ನೆಲದಲ್ಲಿ ತುಕ್ಕು ಇದೆ. ಅದರ ಮೇಲೇ ಹಾಕಬಹುದಾ?

ಮೇಲ್ಮೇಲಿನ ತುಕ್ಕಾದರೆ ವೈರ್ ಬ್ರಷ್, ಎಮರಿ ಪೇಪರ್ ಹಿಡಿದು ತಗಡು ಹೊಳೆಯುವವರೆಗೆ ಉಜ್ಜಿ. ಸಂದಿಯಲ್ಲಿ ಉಳಿದದ್ದಕ್ಕೆ ರಸ್ಟ್ ಕನ್ವರ್ಟರ್ ಅನ್ನುವ ತುಕ್ಕು ತಡೆಯುವ ದ್ರವ ಬಳಿದು ಒಣಗಲು ಬಿಡಿ. ಆಮೇಲೆ ಎಪಾಕ್ಸಿ ಪ್ರೈಮರ್ ಅಥವಾ ಕನಿಷ್ಠ ರೆಡ್ ಆಕ್ಸೈಡ್, ಅದರ ಮೇಲೆ ಎರಡು ಕೋಟ್ ಪೇಂಟ್. ತಿಳಿ ಬಣ್ಣ ಬಳಿಯಿರಿ ಅಂತ ನನ್ನ ಸಲಹೆ. ಮುಂದೆ ಎಂದಾದರೂ ತುಕ್ಕು ಎದ್ದರೆ ತಕ್ಷಣ ಕಾಣುತ್ತದೆ. ಕಪ್ಪು ಬಳಿದರೆ ಕಾಣುವುದಿಲ್ಲ.

ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಿ. ಗಟ್ಟಿ ತಗಡು ಠಣ್ ಅನ್ನುತ್ತದೆ, ಕೊಳೆತದ್ದು ಡಬ್ ಅನ್ನುತ್ತದೆ. ಡಬ್ ಅಂದರೆ ಟಿಂಕರ್ ಕರೆಯಿರಿ, ಫೈಬರ್ ಮೆತ್ತಿ ಮುಚ್ಚಬೇಡಿ. ಅದೇ ನೆಲದ ಮೇಲೆ ಸೀಟು ನಿಂತಿರುತ್ತದೆ, ಸೀಟಿನ ಮೇಲೆ ನಿಮ್ಮವರು ಕೂತಿರುತ್ತಾರೆ.

ನೆಲದಲ್ಲಿ ನೀರು ಇಳಿಯುವ ತೂತಿಗೆ ರಬ್ಬರ್ ಬಿರಡೆ ಇದ್ದರೆ ಅವನ್ನೂ ತೆಗೆದು ನೋಡಿ. ಒಣಗಿ ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ. ಕಾರ್ಪೆಟ್ ಅಡಿ ಆ ತೂತುಗಳನ್ನು ಅಂಟಿನಿಂದ ಮೆತ್ತುವುದು ಬೇಡ.

ಯಾವ ಬಟ್ಟೆ ಒಳ್ಳೆಯದು?

ಉಣ್ಣೆಯ ಕಾರ್ಪೆಟ್ ನೋಡಲು ಚೆಂದ, ದುಬಾರಿ ಇಂಗ್ಲಿಷ್ ಕಾರುಗಳಿಗೆ ಅದೇ ಒಪ್ಪುತ್ತದೆ. ಆದರೆ ನುಸಿ ಹೊಡೆಯುತ್ತದೆ, ಒದ್ದೆಯಾದರೆ ಒಣಗಲು ದಿನಗಟ್ಟಲೆ ಬೇಕು. ಕರಾವಳಿ, ಮಲೆನಾಡಿನವರಿಗೆ ನಾನು ಹೇಳುವುದಿಲ್ಲ.

ಫಿಯಟ್, ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್‌ನಂಥ ಗಾಡಿಗೆ ನೈಲಾನ್ ಲೂಪ್ ಕಾರ್ಪೆಟ್ ಸರಿ. ಸಣ್ಣ ಸಣ್ಣ ಕುಣಿಕೆಯ ಹಾಗೆ ನೂಲು ಇರುತ್ತದಲ್ಲ, ಅದು. ಆ ಕಾಲದ ಗಾಡಿಗೆ ಹೊಂದಿಕೊಳ್ಳುತ್ತದೆ, ಸವೆಯುವುದು ಕಡಿಮೆ, ಬೇಗ ಒಣಗುತ್ತದೆ. ಕೊಳ್ಳುವಾಗ ತುಂಡನ್ನು ಹಿಂದಕ್ಕೆ ಮಡಿಸಿ ನೋಡಿ. ನೂಲಿನ ನಡುವೆ ಹಿಂಬದಿ ಬಟ್ಟೆ ಬೆಳ್ಳಗೆ ಇಣುಕಿದರೆ ನೂಲು ತೆಳು ಅಂತ ಅರ್ಥ. ಗೇರ್‌ಬಾಕ್ಸ್ ಉಬ್ಬಿನ ಮೇಲೆ ಹಾಕಿದಾಗಲೂ ಹಾಗೇ ಇಣುಕುತ್ತದೆ.

ಸೂಜಿ ಹೊಡೆದು ಮಾಡಿದ ಫೆಲ್ಟ್‌ನಂಥ ಅಗ್ಗದ ಕಾರ್ಪೆಟ್ ಉಬ್ಬು ತಗ್ಗಿಗೆ ಚೆನ್ನಾಗಿ ಬಗ್ಗುತ್ತದೆ, ಆದರೆ ಹಿಮ್ಮಡಿ ತಾಗುವ ಕಡೆ ಬೇಗ ಸವೆಯುತ್ತದೆ. ಡಿಕ್ಕಿಗೆ ಸಾಕು. ಹಿಂಬದಿಗೆ ದಪ್ಪ ಫೋಮ್ ಅಂಟಿಸಿದ ಕಾರ್ಪೆಟ್ ಮಾತ್ರ ಎಷ್ಟೇ ಅಗ್ಗವಾಗಿ ಸಿಕ್ಕರೂ ತರಬೇಡಿ. ಕಾರಣ ಮೇಲೆಯೇ ಹೇಳಿದ್ದೇನೆ.

ತೆಂಗಿನ ನಾರಿನ ಮ್ಯಾಟ್ ಬಗ್ಗೆ ಕೆಲವರು ಕೇಳುತ್ತಾರೆ. ಡ್ರೈವರ್ ಕಡೆ ಬಿಟ್ಟು ಉಳಿದ ಕಾಲಿಡುವ ಜಾಗಕ್ಕೆ ಮೇಲಿನ ತುಂಡಾಗಿ ತುಂಬಾ ಒಳ್ಳೆಯದು. ಕೆಸರು ಹಿಡಿಯುತ್ತದೆ, ಗಾಳಿ ಆಡುತ್ತದೆ. ಉಬ್ಬಿನ ಮೇಲೆ ಬಗ್ಗುವುದಿಲ್ಲ, ಅಷ್ಟೇ.

ಬಣ್ಣ?

ಸೀಟಿನ ರೆಕ್ಸಿನ್‌ಗಿಂತ ಒಂದು ಛಾಯೆ ಗಾಢ ಇರಲಿ. ನಮ್ಮ ಕೆಮ್ಮಣ್ಣಿಗೆ ಕಂದು ಮತ್ತು ಮೆರೂನ್ ಒಳ್ಳೆಯವು. ಕಪ್ಪಿನ ಮೇಲೆ ಪ್ರತಿ ಧೂಳಿನ ಕಣವೂ ಕಾಣುತ್ತದೆ.

ಕಾರ್ಪೆಟ್ ಅಡಿಗೆ ಏನು ಹಾಕಬೇಕು?

ನೀರು ಕುಡಿಯದ ಪದರ ಹಾಕಬೇಕು. ಕ್ಲೋಸ್ಡ್ ಸೆಲ್ ಫೋಮ್ ಅಂತ ಕೇಳಿದರೆ ಕೊಡುತ್ತಾರೆ. ಹಳೆ ಕಾಲದಲ್ಲಿ ಸೆಣಬಿನ ಫೆಲ್ಟ್ ಹಾಕುತ್ತಿದ್ದರು. ಅದು ಸದ್ದು ಚೆನ್ನಾಗಿ ತಡೆಯುತ್ತದೆ, ಆದರೆ ನೀರು ಕುಡಿದರೆ ಬಿಡುವುದಿಲ್ಲ. ಒಂದು ಲೋಟ ನೀರಿನಲ್ಲಿ ಫೋಮ್ ತುಂಡು ಮುಳುಗಿಸಿ ಹಿಂಡಿ ನೋಡಿ. ನೀರು ಬಂದರೆ ಅದು ಬೇಡ.

ಗೇರ್‌ಬಾಕ್ಸ್ ಉಬ್ಬಿನ ಮೇಲೆ ಮತ್ತು ಸೈಲೆನ್ಸರ್ ಪೈಪ್ ಹಾದುಹೋಗುವ ಕಡೆ, ಫಾಯಿಲ್ ಇರುವ ಶಾಖನಿರೋಧಕ ಹಾಳೆ ಹಾಕಿ, ಫಾಯಿಲ್ ಮುಖ ತಗಡಿನ ಕಡೆಗೆ. ಈ ಪದರವನ್ನೂ ಕಾರ್ಪೆಟ್ಟಿನ ತುಂಡುಗಳ ಅಳತೆಗೇ ಕತ್ತರಿಸಿ, ಸುಮ್ನೆ ಹಾಸಿ. ನೆಲಕ್ಕೂ ಅಂಟಿಸಬೇಡಿ, ಕಾರ್ಪೆಟ್‌ಗೂ ಅಂಟಿಸಬೇಡಿ. ಬೇರೆ ಬೇರೆ ಇದ್ದರೆ ಬೇರೆ ಬೇರೆಯಾಗಿ ಒಣಗುತ್ತವೆ.

ಪ್ಯಾಟರ್ನ್ (ಬಟ್ಟೆ ಕತ್ತರಿಸಲು ಕಾಗದದ ಅಳತೆ) ತೆಗೆಯುವುದು ಹೇಗೆ? ಇದೇ ಕಷ್ಟ ಅಂತಾರೆ.

ಕಷ್ಟ ಅಂತಲ್ಲ, ತಾಳ್ಮೆ ಬೇಕು. ಇಡೀ ಕೆಲಸದಲ್ಲಿ ನನಗೆ ಇಷ್ಟವಾದದ್ದೇ ಇದು.

ಮುಂದಿನ ಸೀಟನ್ನು ಹಳಿಯ ಬೋಲ್ಟ್ ಬಿಚ್ಚಿ ಹೊರಗೆ ತೆಗೆಯಿರಿ. ಒಮ್ಮೆ ತೆಗೆದರೆ ಸಾಕು. ಪುಸ್ತಕಕ್ಕೆ ಹಾಕುವ ದಪ್ಪ ಖಾಕಿ ಕಾಗದ ತನ್ನಿ. ನ್ಯೂಸ್‌ಪೇಪರ್ ಹರಿಯುತ್ತದೆ, ರಟ್ಟು ಬಗ್ಗುವುದಿಲ್ಲ. ಮೊದಲು ಗೇರ್‌ಬಾಕ್ಸ್ ಉಬ್ಬಿನ ಮೇಲೆ ಕಾಗದ ಹಾಸಿ, ನಡುವಿನಿಂದ ಎರಡೂ ಕಡೆಗೆ ಅಂಗೈಯಲ್ಲಿ ಸವರಿ. ಸುಕ್ಕು ಬೀಳುವ ಕಡೆ ಕತ್ತರಿಯಿಂದ ಸೀಳಿ, ಒಂದರ ಮೇಲೊಂದು ಕೂರಿಸಿ ಟೇಪ್ ಹಚ್ಚಿ. ಆ ಸೀಳೇ ಮುಂದೆ ನಿಮ್ಮ ಹೊಲಿಗೆ. ಎಷ್ಟು ಕಡಿಮೆ ಸೀಳು ಇರುತ್ತದೋ ಅಷ್ಟು ಚೆನ್ನ.

ಅಂಚು ಸಿಗುವ ಕಡೆ ಬೆರಳಿನ ಉಗುರಿನಿಂದ ಒತ್ತಿ ಗೀರಿ, ಆ ಗೀರಿನ ಮೇಲೆ ಪೆನ್ಸಿಲ್ ಎಳೆಯಿರಿ. ಚಾಕ್ ಹಿಡಿದು ತಗಡಿನ ಅಂಚಿಗೆ ಉಜ್ಜಿ ಮೇಲೆ ಕಾಗದ ಒತ್ತಿದರೂ ಗುರುತು ಬೀಳುತ್ತದೆ. ಸೀಟ್ ಹಳಿ, ಬೆಲ್ಟ್ ಬೋಲ್ಟ್, ಪೆಡಲ್, ಎಲ್ಲದರ ಜಾಗ ಬರೆಯಿರಿ. ಪ್ರತಿ ಕಾಗದದ ಮೇಲೆ ಮೂರು ವಿಷಯ ಇರಲೇಬೇಕು: ಯಾವ ಜಾಗ, ಯಾವುದು ಮೇಲ್ಮುಖ, ಗಾಡಿಯ ಮುಂಭಾಗ ಯಾವ ಕಡೆ ಅಂತ ಬಾಣದ ಗುರುತು. ಮೇಲ್ಮುಖ ಬರೆಯದೆ ನಾನು ಹಿಂದಿನ ಬಲಗಡೆ ತುಂಡನ್ನು ಉಲ್ಟಾ ಕತ್ತರಿಸಿದೆ. ಒಂದು ತುಂಡು ಬಟ್ಟೆ ಹೋಯಿತು.

ಎಡ ಬಲ ಒಂದೇ ಇರುತ್ತದೆ ಅಂದುಕೊಂಡು ಒಂದರಿಂದ ಇನ್ನೊಂದು ಕತ್ತರಿಸಬೇಡಿ. ಪೆಡಲ್ ಇರುವ ಕಡೆ ಬೇರೆ. ಹಳೆ ಗಾಡಿಯಲ್ಲಿ ಎಲ್ಲೋ ಒಮ್ಮೆ ಗುದ್ದಿ ಟಿಂಕರಿಂಗ್ ಆಗಿದ್ದರೆ ಇನ್ನೂ ಬೇರೆ.

ಬಟ್ಟೆ ಕತ್ತರಿಸುವಾಗ ಉಬ್ಬಿನ ತುಂಡಿಗೆ ಸುತ್ತಲೂ ಅರ್ಧ ಇಂಚು ಜಾಸ್ತಿ ಬಿಡಿ. ಕಾಗದಕ್ಕೆ ದಪ್ಪ ಇಲ್ಲ, ಕಾರ್ಪೆಟ್‌ಗೆ ಇದೆ. ಉಬ್ಬಿನ ಮೇಲೆ ಹತ್ತಿ ಇಳಿಯುವಾಗ ಆ ದಪ್ಪ ಅಳತೆ ತಿನ್ನುತ್ತದೆ. ಗಾಡಿಯಲ್ಲಿ ಕೂರಿಸಿ ನೋಡಿ ಆಮೇಲೆ ಕೊನೆಯ ಅಳತೆಗೆ ಕತ್ತರಿಸಿ. ನೂಲು ಮಲಗುವ ದಿಕ್ಕು ಎಲ್ಲ ತುಂಡಿನಲ್ಲೂ ಒಂದೇ ಇರಲಿ, ಇಲ್ಲದಿದ್ದರೆ ಬಿಸಿಲಿಗೆ ಎರಡು ಬಣ್ಣದ ಹಾಗೆ ಕಾಣುತ್ತದೆ.

ಎಷ್ಟು ತುಂಡು ಮಾಡಬೇಕು?

ನನ್ನ ಫಿಯಟ್‌ನಲ್ಲಿ ಆರು. ಉಬ್ಬಿಗೆ ಎರಡು, ಮುಂದಿನ ಕಾಲಿಗೆ ಎರಡು, ಹಿಂದೆ ಎರಡು. ಉಬ್ಬಿನ ತುಂಡು ಮೊದಲು ಹಾಕಿ, ಕಾಲಿಡುವ ಜಾಗದ ತುಂಡು ಅದರ ಅಂಚಿನ ಮೇಲೆ ಬರುವಂತಿರಲಿ. ಪದೇ ಪದೇ ತೆಗೆಯುವುದು ಕಾಲಿನದೇ ಅಲ್ವಾ? ಮುಂದಿನ ಮತ್ತು ಹಿಂದಿನ ತುಂಡು ಸೇರುವ ಜಾಗ ಮುಂದಿನ ಸೀಟಿನ ಅಡಿಯಲ್ಲಿ ಬರಲಿ. ಕಣ್ಣಿಗೆ ಕಾಣುವುದಿಲ್ಲ, ಕಾರ್ಪೆಟ್ ತೆಗೆಯಲು ಸೀಟು ಬಿಚ್ಚುವುದೂ ಬೇಕಿಲ್ಲ.

ಹೆಚ್ಚಿನ ಪದ್ಮಿನಿಗಳಲ್ಲಿ ಗೇರ್ ಸ್ಟೀರಿಂಗ್ ಪಕ್ಕದಲ್ಲೇ ಇರುವುದರಿಂದ ಉಬ್ಬಿನ ತುಂಡಿಗೆ ತೂತು ಬೇಕಿಲ್ಲ. ನೆಲದಲ್ಲಿ ಗೇರ್ ಇರುವ ಗಾಡಿಗೆ ತೂತಿನಿಂದ ಹಿಂದಿನ ಅಂಚಿನವರೆಗೆ ಒಂದು ಸೀಳು ಬಿಟ್ಟು, ಸೀಳಿನ ಎರಡೂ ಅಂಚು ಕಟ್ಟಿಸಿ. ಹಾಗಾದರೆ ಗೇರ್ ಹಿಡಿ ಬಿಚ್ಚದೆ ತುಂಡು ಹೊರಗೆ ಬರುತ್ತದೆ.

ಅಂಚು ಕಟ್ಟುವುದು ಮನೆ ಹೊಲಿಗೆ ಯಂತ್ರದಲ್ಲಿ ಆಗುತ್ತದಾ?

ಆಗುವುದಿಲ್ಲ. ಸೂಜಿ ಮುರಿಯುತ್ತದೆ. ಸೀಟ್ ಕವರ್ ಹೊಲಿಯುವವರ ಹತ್ತಿರ ಕೊಡಿ. ಒಂದು ಇಂಚು ಅಗಲದ ರೆಕ್ಸಿನ್ ಪಟ್ಟಿ ಅಥವಾ ಹತ್ತಿಯ ಪಟ್ಟಿ, ನೈಲಾನ್ ದಾರ. ಪಟ್ಟಿ ಇಲ್ಲದೆ ಅಂಚಿಗೆ ಬರೀ ದಾರ ಸುತ್ತುವ ಓವರ್‌ಲಾಕ್ ಸಾಕು ಅಂತ ಹೇಳಿದರೆ ಒಪ್ಪಬೇಡಿ, ಒಂದು ವರ್ಷದಲ್ಲಿ ನೂಲು ಬಿಚ್ಚಿಕೊಳ್ಳುತ್ತದೆ. ಕೂಲಿಯನ್ನು ಅಡಿ ಲೆಕ್ಕದಲ್ಲಿ ಮೊದಲೇ ಮಾತಾಡಿಕೊಳ್ಳಿ.

ಮೂಲೆಗಳನ್ನು ಚೂಪಾಗಿ ಬಿಡದೆ ಒಂದು ರೂಪಾಯಿ ನಾಣ್ಯ ಇಟ್ಟು ದುಂಡಗೆ ಕತ್ತರಿಸಿ ಕೊಡಿ. ಪಟ್ಟಿ ಸುಕ್ಕಿಲ್ಲದೆ ತಿರುಗುತ್ತದೆ. ಹೊಲಿಯುವವರು ನಿಮಗೆ ಥ್ಯಾಂಕ್ಸ್ ಹೇಳುತ್ತಾರೆ.

ಡ್ರೈವರ್ ಕಡೆ ಹಿಮ್ಮಡಿ ಇಡುವ ಜಾಗಕ್ಕೆ ರಬ್ಬರ್ ಅಥವಾ ದಪ್ಪ ರೆಕ್ಸಿನ್ ತುಂಡು ಮೇಲೆ ಹೊಲಿಸಿ. ಅಂದಾಜಿಗೆ ಹೊಲಿಸಬೇಡಿ. ಹಿಮ್ಮಡಿಗೆ ಚಾಕ್ ಪುಡಿ ಹಚ್ಚಿಕೊಂಡು, ಸೀಟಿನಲ್ಲಿ ಕೂತು ಮೂರೂ ಪೆಡಲ್ ಒತ್ತಿ. ಬಿಳಿ ಗುರುತು ಬಿದ್ದಲ್ಲೇ ಹೊಲಿಗೆ.

ಬಟನ್, ವೆಲ್ಕ್ರೋ, ಸ್ಕ್ರೂ, ಯಾವುದರಿಂದ ಹಿಡಿಸಬೇಕು?

ಟಿಚ್ ಬಟನ್. ಜೀಪಿನ ಹುಡ್ಡಿಗೆ ಹಾಕುತ್ತಾರಲ್ಲ, ಅಂಥ ದೊಡ್ಡವು. ಹಿತ್ತಾಳೆಯದು ಅಥವಾ ಸ್ಟೀಲಿನದು. ಬರೀ ಪಾಲಿಶ್ ಮಾಡಿದ ಕಬ್ಬಿಣದ್ದು ಒಂದೇ ಮಳೆಗಾಲಕ್ಕೆ ಕಚ್ಚಿಕೊಂಡು ಬಿಡುತ್ತದೆ. ಗಂಡು ಬಟನ್ ನೆಲದಲ್ಲಿ, ಹೆಣ್ಣು ಬಟನ್ ಕಾರ್ಪೆಟ್ಟಿನಲ್ಲಿ. ಕಾಲಿನ ತುಂಡಿಗೆ ನಾಲ್ಕು ಸಾಕು.

ನೆಲದ ಬಟನ್‌ಗೆ ಹೊಸ ತೂತು ಕೊರೆಯುವ ಮೊದಲು ಈಗಿರುವ ತೂತು ಹುಡುಕಿ. ಬಾಗಿಲ ಅಂಚಿನ ಪಟ್ಟಿಯ ಸ್ಕ್ರೂ, ಹಳೆ ಮ್ಯಾಟ್ ಕ್ಲಿಪ್ಪಿನ ತೂತು, ಒಂದಲ್ಲ ಒಂದು ಸಿಗುತ್ತದೆ. ಕೊರೆಯಲೇಬೇಕು ಅಂದರೆ ಮೊದಲು ಗಾಡಿಯ ಅಡಿಗೆ ಹೋಗಿ ನೋಡಿ. ಬ್ರೇಕ್ ಪೈಪ್, ಪೆಟ್ರೋಲ್ ಪೈಪ್, ವೈರು ನೆಲದ ಅಡಿಯಲ್ಲೇ ಹಾದು ಹೋಗುತ್ತವೆ. ಸ್ಕ್ರೂ ತುದಿ ಪೈಪಿಗೆ ತಾಗಿ ಉಜ್ಜುತ್ತಾ ಇದ್ದರೆ ಆರು ತಿಂಗಳಾದ ಮೇಲೆ ಬ್ರೇಕ್ ಆಯಿಲ್ ಸೋರುತ್ತದೆ. ಮೊದಲೇ ಗೊತ್ತಾಗುವುದಿಲ್ಲ. ಗಿಡ್ಡ ಸ್ಕ್ರೂ ಹಾಕಿ. ಕೊರೆದ ತೂತಿನ ಅಂಚಿಗೆ ಪ್ರೈಮರ್ ಮುಟ್ಟಿಸಿ, ಸ್ಕ್ರೂಗೆ ಸ್ವಲ್ಪ ಸೀಲಂಟ್ ಹಚ್ಚಿ ತಿರುಗಿಸಿ.

ಕಾರ್ಪೆಟ್ ಕಡೆ ಬಟನ್ ಹಾಕುವುದು ಕೊನೆಯ ಕೆಲಸ. ನೆಲದ ಬಟನ್ ತಲೆಗೆ ಚೂರು ಲಿಪ್‌ಸ್ಟಿಕ್ ಅಥವಾ ಗ್ರೀಸ್ ಮುಟ್ಟಿಸಿ, ಮೇಲಿಂದ ಕಾರ್ಪೆಟ್ ಸರಿಯಾಗಿ ಕೂರಿಸಿ ಒತ್ತಿ. ಹಿಂಬದಿಯಲ್ಲಿ ಗುರುತು ಬೀಳುತ್ತದೆ. ಅಲ್ಲೇ ಬಟನ್ ಹೊಡೆಸಿ.

ವೆಲ್ಕ್ರೋ ಪಕ್ಕದ ಗೋಡೆಗೆ ನಿಲ್ಲುವ ಸಣ್ಣ ತುಂಡಿಗೆ ಪರವಾಗಿಲ್ಲ. ಆದರೆ ಹಿಂದೆ ಅಂಟು ಇರುವ ವೆಲ್ಕ್ರೋ, ಬಿಸಿಲಲ್ಲಿ ನಿಲ್ಲಿಸಿದ ಗಾಡಿಯಲ್ಲಿ ಅಂಟು ಕರಗಿ ಜಾರುತ್ತದೆ. ಕಾರ್ಪೆಟ್ ಕಡೆಯದನ್ನಾದರೂ ಹೊಲಿಸಿ.

ಸೀಟ್ ಹಳಿ ಅಥವಾ ಬೆಲ್ಟಿನ ಬೋಲ್ಟ್ ಅಡಿಗೆ ಕಾರ್ಪೆಟ್ ಸಿಕ್ಕಿಸುವುದನ್ನು ಮಾತ್ರ ಮಾಡಬೇಡಿ. ಬಟ್ಟೆ ದಿನ ಕಳೆದಂತೆ ಅಮುಕಿಕೊಂಡು ಬೋಲ್ಟ್ ಸಡಿಲವಾಗುತ್ತದೆ. ಬೋಲ್ಟ್ ಸುತ್ತ ವಾಷರ್‌ಗಿಂತ ದೊಡ್ಡದಾಗಿ ಕತ್ತರಿಸಿ, ಲೋಹ ಲೋಹಕ್ಕೇ ಕೂರಲಿ.

ಪೆಡಲ್ ಹತ್ತಿರ ಏನು ಜಾಗ್ರತೆ?

ಬೇರೆ ಎಲ್ಲದರಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಆದರೂ ನಡೆಯುತ್ತದೆ, ಇದರಲ್ಲಿ ನಡೆಯುವುದಿಲ್ಲ.

ಎಂಜಿನ್ ಆಫ್ ಇರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ ಬಿಡಿ. ತಾನೇ ಚಟ್ ಅಂತ ಮೇಲೆ ಬರಬೇಕು. ಕ್ಲಚ್, ಬ್ರೇಕ್ ಕೂಡ ತಳದವರೆಗೆ ಒತ್ತಿ. ಬಾನೆಟ್ ತೆಗೆದು ಇನ್ನೊಬ್ಬರು ಕಾರ್ಬೊರೇಟರ್ ಹತ್ತಿರ ನಿಂತು ನೋಡಲಿ, ಕಾರ್ಪೆಟ್ ಹಾಕುವ ಮೊದಲು ಎಷ್ಟು ತೆರೆಯುತ್ತಿತ್ತೋ ಈಗಲೂ ಅಷ್ಟೇ ತೆರೆಯುತ್ತಿದೆಯಾ ಅಂತ. ಪೆಡಲ್ ಅಡಿಯಲ್ಲಿ ಫೋಮ್ ಪದರ ಬೇಡವೇ ಬೇಡ. ಡ್ರೈವರ್ ತುಂಡಿನ ನಾಲ್ಕೂ ಬಟನ್ ಹಾಕದೆ ಗಾಡಿ ತೆಗೆಯಬೇಡಿ. ಕಾರ್ಪೆಟ್ ಮೇಲೆ ಇನ್ನೊಂದು ಸಡಿಲ ಮ್ಯಾಟ್ ಹಾಸಬೇಡಿ, ಜಾರಿ ಹೋಗಿ ಬ್ರೇಕ್ ಅಡಿಗೆ ಸಿಕ್ಕಿಕೊಳ್ಳುತ್ತದೆ.

ನನ್ನದು ಫಿಯಟ್ ಅಲ್ಲ. ಅಂಬಾಸಿಡರ್, ಮೋರಿಸ್ ಮೈನರ್, ಬೀಟಲ್‌ಗೂ ಹೀಗೇನಾ?

ಕ್ರಮ ಅದೇ, ಒಂದೊಂದರಲ್ಲಿ ಒಂದೊಂದು ಗಮನಿಸಬೇಕು. ಮೋರಿಸ್ ಮೈನರ್‌ನಲ್ಲಿ ಬ್ರೇಕ್ ಮಾಸ್ಟರ್ ಸಿಲಿಂಡರ್ ಡ್ರೈವರ್ ಕಾಲಿನ ಅಡಿಯಲ್ಲೇ ಇದೆ. ಬ್ರೇಕ್ ಆಯಿಲ್ ನೋಡಬೇಕಾದರೆ ಕಾರ್ಪೆಟ್ ಎತ್ತಲೇಬೇಕು. ಅಂಟು ಹಾಕಿದರೆ ಆಯಿಲ್ ನೋಡುವುದನ್ನೇ ಬಿಟ್ಟುಬಿಡುತ್ತೀರಿ. ಆ ಗಾಡಿಗೆ ಬಿಚ್ಚುವ ಕಾರ್ಪೆಟ್ ಬಿಟ್ಟರೆ ಬೇರೆ ದಾರಿಯೇ ಇಲ್ಲ.

ಹಳೆ ಅಂಬಾಸಿಡರ್‌ನಲ್ಲಿ ಹೆಡ್‌ಲೈಟ್ ಬೆಳಕು ಮೇಲೆ ಕೆಳಗೆ ಮಾಡುವ ಡಿಪ್ಪರ್ ಸ್ವಿಚ್ ಕಾಲಿನ ಹತ್ತಿರ ನೆಲದಲ್ಲಿರುತ್ತದೆ. ಅದರ ಸುತ್ತ ಐಲೆಟ್ (ತೂತಿನ ಅಂಚಿಗೆ ಹೊಡೆಯುವ ಲೋಹದ ಬಳೆ) ಹಾಕಿಸಿ ತೂತು ಬಿಡಿ, ಕಾರ್ಪೆಟ್ ದಪ್ಪದಲ್ಲಿ ಸ್ವಿಚ್ ಹುದುಗಿ ಹೋಗಬಾರದು. ಬೀಟಲ್‌ನಲ್ಲಿ ಪೆಡಲ್ ನೆಲದಿಂದಲೇ ಮೇಲೆ ಬರುತ್ತವೆ, ಅದರ ತುಂಡಿನಲ್ಲಿ ಸೀಳು ಬಿಡಬೇಕು. ಬ್ಯಾಟರಿ ಹಿಂದಿನ ಸೀಟಿನ ಅಡಿ ಇರುವುದರಿಂದ ಅಲ್ಲಿ ಕಾರ್ಪೆಟ್ ಹಾಸಬೇಡಿ.

ಬೇರೆ ಬೇರೆ ಗಾಡಿಗಳ ಒಳಭಾಗ ಕಣ್ಣಾರೆ ನೋಡಬೇಕು ಅಂದರೆ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆ ಕಾರುಗಳ ಒಳ್ಳೆಯ ಸಂಗ್ರಹ ಇದೆ. ಕಿಟಕಿಯಿಂದ ಬಗ್ಗಿ ನೆಲ ನೋಡಿ ಬನ್ನಿ.

ಬೆಂಗಳೂರಿನಲ್ಲಿ ಸಾಮಾನು ಎಲ್ಲಿ ಸಿಗುತ್ತದೆ? ಎಷ್ಟು ದಿನದ ಕೆಲಸ?

ಬೀಡಿಂಗ್, ಬಟನ್, ಕಾರ್ಪೆಟ್ ಬಟ್ಟೆಗೆ ಜೆ.ಸಿ. ರಸ್ತೆ. ಹಳೆ ಗಾಡಿಯ ಬಿಡಿಭಾಗಕ್ಕೆ ಶಿವಾಜಿನಗರದ ಕಡೆ ಒಂದು ಸುತ್ತು ಹಾಕಿ. ಬೇರೆ ಊರಿನವರು ಲಾರಿಗೆ ಕುಷನ್ ಕೆಲಸ ಮಾಡುವವರನ್ನು ಕೇಳಿ. ದಪ್ಪ ಹೊಲಿಗೆಯ ಯಂತ್ರ ಅವರ ಹತ್ತಿರ ಇರುತ್ತದೆ.

ನನಗೆ ತುಕ್ಕಿನ ಕೆಲಸ ಬಿಟ್ಟು ಎರಡು ವಾರಾಂತ್ಯ ಹಿಡಿಯಿತು. ಒಂದು ಪೂರ್ತಿ ದಿನ ಪ್ಯಾಟರ್ನ್‌ಗೇ ಹೋಯಿತು.

ಒಗೆಯಬಹುದಾ?

ನೈಲಾನ್ ಆದರೆ ಧಾರಾಳವಾಗಿ. ಮೊದಲು ಒಣಗಿದಾಗಲೇ ಹಗ್ಗದ ಮೇಲೆ ಹಾಕಿ ಕೋಲಿನಿಂದ ಬಡಿದು ಧೂಳು ಉದುರಿಸಿ. ಆಮೇಲೆ ತಣ್ಣೀರು, ಸ್ವಲ್ಪ ಸೋಪು, ಮೆತ್ತನೆ ಬ್ರಷ್. ಹಿಂಬದಿ ಸೆಣಬಿನದಾದರೆ ನೆನೆಸಬೇಡಿ, ಕುಗ್ಗಿ ಬಟನ್ ಒಂದಕ್ಕೊಂದು ಸೇರದೆ ಹೋಗಬಹುದು. ನೆರಳಲ್ಲಿ, ಹಿಂಬದಿ ಮೇಲಾಗಿ ಒಣಗಿಸಿ. ಹಿಂಬದಿಗೆ ಕೆನ್ನೆ ತಾಗಿಸಿ ನೋಡಿ, ತಣ್ಣಗೆ ಅನ್ನಿಸಿದರೆ ಇನ್ನೂ ಒಣಗಿಲ್ಲ.

ಇಲಿ ಕಾಟ ಇದೆ.

ಗಾಡಿ ತುಂಬಾ ದಿನ ನಿಲ್ಲಿಸುವುದಾದರೆ ಕಾರ್ಪೆಟ್ ಬಿಚ್ಚಿ ಮನೆಯೊಳಗೆ ಇಡಿ. ಅದೇ ಅನುಕೂಲ ಅಲ್ವಾ? ಮೆತ್ತಗೆ ಬೆಚ್ಚಗೆ ಇರುವ ಜಾಗ ಇಲ್ಲದಿದ್ದರೆ ಇಲಿ ಬರುವುದೂ ಕಡಿಮೆ. ಉಣ್ಣೆಯದಾದರೆ ನಡುವೆ ನುಸಿಗುಳಿಗೆ ಹಾಕಿಡಿ.

ಮಳೆಗಾಲದಲ್ಲಿ ಹಾಕಿಯೇ ಇಡಬಹುದಾ?

ಬೆಂಗಳೂರು, ಮೈಸೂರು ಕಡೆ ಹಾಕಿಯೇ ಇಡಿ, 15 ದಿನಕ್ಕೊಮ್ಮೆ ಎತ್ತಿ ನೋಡಿ. ಕರಾವಳಿ, ಕೊಡಗು, ಮಲೆನಾಡಿನವರು ಜೂನ್ ಶುರುವಾಗುವ ಮುಂಚೆ ಬಿಚ್ಚಿ ಒಳಗಿಟ್ಟು, ಸೆಪ್ಟೆಂಬರ್ ಮುಗಿದ ಮೇಲೆ ಹಾಕಿ. ನಡುವೆ ರಬ್ಬರ್ ಮ್ಯಾಟ್ ಸಾಕು. ಜೋರು ಮಳೆಯಲ್ಲಿ ಓಡಿಸಿ ಬಂದ ದಿನ ನಾನು ಮಲಗುವ ಮುಂಚೆ ಒಮ್ಮೆ ಹೋಗಿ ಎಡಗಡೆ ತುಂಡಿನ ಎರಡು ಬಟನ್ ಬಿಚ್ಚಿ, ವೆಲ್ಡ್ ಮಾಡಿದ ಜಾಗಕ್ಕೆ ಅಂಗೈ ಇಟ್ಟು ನೋಡುತ್ತೇನೆ. ಅರ್ಧ ನಿಮಿಷದ ಕೆಲಸ.

ಹಳೆ ರಬ್ಬರ್ ಮ್ಯಾಟ್ ಎಸೆಯಬಹುದಾ?

ದಯವಿಟ್ಟು ಎಸೆಯಬೇಡಿ. ಅದೇ ಅಳತೆಯದು, ಅದೇ ಗೆರೆ ಇರುವುದು ಮತ್ತೆ ಸಿಗುವುದು ಕಷ್ಟ. ತೊಳೆದು, ಒರೆಸಿ, ಎರಡೂ ಕಡೆ ಟಾಲ್ಕಂ ಪೌಡರ್ ಹಚ್ಚಿ. ಮಡಿಸಬೇಡಿ, ಮಡಿಕೆಯಲ್ಲೇ ಸೀಳುತ್ತದೆ. ಚಾಪೆಯ ಹಾಗೆ ಸಡಿಲವಾಗಿ ಸುತ್ತಿ, ಹಳೆ ಕಾಟನ್ ಸೀರೆಯಲ್ಲಿ ಕಟ್ಟಿ, ಬಿಸಿಲು ಬೀಳದ ಕಡೆ ಮಲಗಿಸಿ ಇಡಿ. ನಮ್ಮದು ಅಟ್ಟದ ಮೇಲಿದೆ. ಬಲಗಡೆಯದರಲ್ಲಿ ಅಪ್ಪನ ಹಿಮ್ಮಡಿ ತಾಗಿ ಸವೆದ ಗುಂಡಿ ಹಾಗೇ ಇದೆ.